ರಾಗಗಳ ಕಾಲನಿಯಮವೂ ಆಕಾಶವಾಣಿಯ ಸಂಗೀತದಿನವೂ

ಬೆಳಗಿನ ಪ್ರಸಾರಕ್ಕೆ ಮುನ್ನ ತಂಬೂರಿಯ ಶ್ರುತಿಯ ಮೇಲೆ ಪಿಟೀಲಿನಿಂದ ಹೊಮ್ಮುವ ಆಕಾಶವಾಣಿಯ ಸಂಕೇತಧ್ವನಿಯನ್ನು ಕೇಳದವರು ಈ ದೇಶದಲ್ಲಿ ವಿರಳ. ಅದನ್ನು ರಚಿಸಿದವರು 1934ರಲ್ಲಿ ಯೂರೋಪಿನಿಂದ ಮುಂಬಯಿಗೆ ಬಂದ ವಾಲ್ಟರ್ ಕೌಫ್‌ಮನ್ನರು. ಮುಂದೆ 1968ರಲ್ಲಿ ಉತ್ತರದೇಶದ ರಾಗಗಳನ್ನೂ 1976ರಲ್ಲಿ ದಕ್ಷಿಣದೇಶದ ರಾಗಗಳನ್ನೂ ಕುರಿತು ಎರಡು ಬೃಹದ್ಗ್ರಂಥಗಳನ್ನು ಪ್ರಕಟಿಸಿದವರೂ ಇವರೇ. ಈ ಧ್ವನಿಯ ಸ್ವರಸಂಚಾರವು ಶಿವರಂಜನಿಯದೆಂದು ಸಂಗೀತಜ್ಞರ ಮತ. ಶಿವರಂಜನಿಯಾದರೋ ಹಿಂದೂಸ್ಥಾನಿ ಸಂಪ್ರದಾಯದಲ್ಲಿ ರಾತ್ರಿಯ ರಾಗ. ಹೀಗೆ, ಕಾಲನಿಯಮವನ್ನು ಇಂದಿಗೂ ಬಿಡದಿರುವ ಒಂದು ಸಂಗೀತಕ್ಕೆ ಆಶ್ರಯವಾದ ಸಂಸ್ಥೆಯ ದಿನವು ಆ ನಿಯಮದ ಭಂಗದಿಂದಲೇ ಮೊದಲಾಗುತ್ತದೆ. ಅಷ್ಟು ಚಿಕ್ಕದೊಂದು ಧ್ವನಿಯನ್ನು ರಾಗಾಲಾಪವೆಂದು ಗಣಿಸಿ ದೋಷವನ್ನಾರೋಪಿಸುವುದು ಅತಿಯಾದೀತು. ಆದರೂ ಅದರಿಂದ ಏಳುವ ಪ್ರಶ್ನೆಯು ಅಲ್ಪವಾದುದಲ್ಲ: ರಾಗಕ್ಕೂ ಹೊತ್ತಿಗೂ ಪೂರ್ವಿಕರು ಕಲ್ಪಿಸಿದ ಸಂಬಂಧವನ್ನು ರೇಡಿಯೋ ಉಳಿಸಿತೋ ಕೆಡಿಸಿತೋ?

ರೇಡಿಯೋ ಸಂಗೀತವನ್ನು ಗಡಿಯಾರದ ಆಳನ್ನಾಗಿ ಮಾಡಿತೆಂಬ ಆಕ್ಷೇಪವು ಹಳೆಯದು. ಅದರಲ್ಲಿ ಅರ್ಧಸತ್ಯವುಂಟು. ಉಳಿದರ್ಧವನ್ನು ತಿಳಿಯಬೇಕಾದರೆ ಶಾಸ್ತ್ರದ ಮಾತನ್ನು ಮೊದಲು ನೋಡಬೇಕು.

ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಗ್ರಾಮರಾಗಗಳಿಗೆ ಸ್ವರಲಕ್ಷಣವನ್ನು ಹೇಳುವುದರೊಡನೆಯೇ ಅಧಿದೇವತೆ, ರಸ, ಋತು, ಯಾಮ ಇವುಗಳನ್ನೂ ವಿಧಿಸುತ್ತಾನೆ. ಎಂದರೆ ಕಾಲವು ಅವನ ಮತದಲ್ಲಿ ಹೊರಗಿನಿಂದ ಬಂದ ಅಲಂಕಾರವಲ್ಲ. ಲಕ್ಷಣದ ಒಂದು ಅಂಗ. ವಿಜಯನಗರದ ರಾಮಾಮಾತ್ಯನು 1550ರ ಸ್ವರಮೇಲಕಲಾನಿಧಿಯಲ್ಲಿಯೂ, ಶಿವಗಂಗೆಯ ಸೀಮೆಯ ಸಾತನೂರಿನಿಂದ ಹೊರಟು ಖಾನದೇಶದ ಬುರ್ಹಾನಖಾನನ ಆಸ್ಥಾನವನ್ನು ಸೇರಿದ ನಮ್ಮ ನಾಡಿನ ಪುಂಡರೀಕವಿಠ್ಠಲನು ತನ್ನ ಗ್ರಂಥಗಳಲ್ಲಿಯೂ ರಾಗಗಳಿಗೆ ಹೊತ್ತನ್ನು ಸೂಚಿಸದೆ ಬಿಟ್ಟಿಲ್ಲ. ಆದುದರಿಂದ ಕಾಲನಿಯಮವು ಕೇವಲ ಉತ್ತರದವರ ಆಚಾರವೆಂದೂ ದಾಕ್ಷಿಣಾತ್ಯರಿಗೆ ಅದು ಎಂದೂ ಇರಲಿಲ್ಲವೆಂದೂ ಹೇಳುವವರ ಮಾತು ನಿಲ್ಲತಕ್ಕುದಲ್ಲ. ದಕ್ಷಿಣದಲ್ಲಿ ಇದ್ದು ಸಡಿಲಿತೆಂದು ಹೇಳುವುದೇ ಯುಕ್ತ. ಸಡಿಲಿದುದಕ್ಕೆ ಕಾರಣವೂ ಊಹ್ಯವಾಗಿದೆ. ಕರ್ಣಾಟಕ ಸಂಗೀತದಲ್ಲಿ ಕೃತಿಯು ಪ್ರಧಾನವಾದಂತೆಲ್ಲ ರಾಗದ ಭಾವವನ್ನು ಸಾಹಿತ್ಯವೇ ಹೊತ್ತಿತು. ಹೊತ್ತಿನ ಆಸರೆ ಅದಕ್ಕೆ ಬೇಡವಾಯಿತು. ಆದರೂ ಭೂಪಾಳವನ್ನು ಮುಸ್ಸಂಜೆಯಲ್ಲಿ ಹಾಡಿದರೆ, ನೀಲಾಂಬರಿಯನ್ನು ಬೆಳಗಿನ ಜಾವದಲ್ಲಿ ಹಾಡಿದರೆ, ದಕ್ಷಿಣದ ಶ್ರೋತೃವೂ ಹುಬ್ಬುಗಂಟಿಕ್ಕುತ್ತಾನೆ. ದೇವಾಲಯಗಳ ನಾಗಸ್ವರಸೇವೆಯಲ್ಲಿ ಈ ವಿವೇಕವು ಇನ್ನೂ ಹೆಚ್ಚಾಗಿ ಉಳಿದುಬಂದಿತು.

ಉತ್ತರದಲ್ಲಿ ನಿಯಮವು ಉಳಿಯಿತಷ್ಟೇ ಅಲ್ಲ, ಅದಕ್ಕೆ ಹೊಸದೊಂದು ಉಪಪತ್ತಿಯೂ ದೊರೆಯಿತು. 1904ರಲ್ಲಿ ದಕ್ಷಿಣದೇಶದಲ್ಲಿ ಸಂಚರಿಸಿ ಚತುರ್ದಂಡೀಪ್ರಕಾಶಿಕೆಯ ಪರಿಚಯವನ್ನು ಪಡೆದ ವಿಷ್ಣು ನಾರಾಯಣ ಭಾತಖಂಡೆಯವರು ರಾಗಗಳ ಹೊತ್ತನ್ನು ಸ್ವರಗಳಿಂದಲೇ ಸಾಧಿಸಲು ಯತ್ನಿಸಿದರು. ಕೋಮಲ ಋಷಭವೂ ಶುದ್ಧ ಗಾಂಧಾರವೂ ಕೂಡಿದ ರಾಗಗಳು ಸಂಧಿಪ್ರಕಾಶಕ್ಕೆ, ಅಂದರೆ ಹಗಲಿರುಳುಗಳು ಕೂಡುವ ಹೊತ್ತಿಗೆ ಸೇರಿದುವು. ಅಲ್ಲಿ ಶುದ್ಧ ಮಧ್ಯಮವು ಬೆಳಗನ್ನೂ ತೀವ್ರ ಮಧ್ಯಮವು ಸಂಜೆಯನ್ನೂ ಸೂಚಿಸುತ್ತದೆ. ವಾದಿಸ್ವರವು ಪೂರ್ವಾಂಗದಲ್ಲಿದ್ದರೆ ರಾಗವು ಮಧ್ಯಾಹ್ನದಿಂದ ಮಧ್ಯರಾತ್ರಿಯವರೆಗಿನದು, ಉತ್ತರಾಂಗದಲ್ಲಿದ್ದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗಿನದು. ಭೂಪಾಲಿಗೂ ದೇಶಕಾರಕ್ಕೂ ಸ್ವರಗಳು ಅವೇ ಐದು. ಗಾಂಧಾರವು ವಾದಿಯಾದ ಭೂಪಾಲಿಯು ರಾತ್ರಿಯ ಮೊದಲ ಪ್ರಹರಕ್ಕೆ, ಧೈವತವು ವಾದಿಯಾದ ದೇಶಕಾರವು ಬೆಳಗಿಗೆ ಸಲ್ಲುತ್ತವೆ. ಈ ಉಪಪತ್ತಿಗೆ ಅಪವಾದಗಳು ಬಹಳ. ತೋಡಿಗೂ ಮುಲ್ತಾನಿಗೂ ಸ್ವರಗಳು ಒಂದೇ, ಎರಡರಲ್ಲಿಯೂ ಮಧ್ಯಮವು ತೀವ್ರವೇ. ಆದರೂ ತೋಡಿಯು ಬೆಳಗಿನದು, ಮುಲ್ತಾನಿಯು ಇಳಿಹೊತ್ತಿನದು. ಸಿದ್ಧಾಂತವು ಪೂರ್ತಿಯಾಗಿ ನಿಲ್ಲದಿದ್ದರೂ ಅದು ಯಾವುದನ್ನು ವಿವರಿಸಹೊರಟಿತೋ ಆ ಆಚಾರವು ದೃಢವಾಗಿ ನಿಂತಿದೆ. ವಿದ್ವಾಂಸರಿಗೆ ಇಷ್ಟು ಸಾಕು.

ಇನ್ನು ಪ್ರಕೃತವಿಷಯ. ಆಚಾರವು ಉಳಿಯಬೇಕಾದರೆ ಆಚರಿಸುವ ಸಂದರ್ಭವಿರಬೇಕು. ರಾಜಾಸ್ಥಾನಗಳು ಕ್ಷೀಣಿಸಿ ಸಂಗೀತವು ಸಭಾಮಂದಿರಗಳನ್ನು ಸೇರಿದಾಗ ಶ್ರೋತೃಗಳು ಹಗಲು ಉದ್ಯೋಗಕ್ಕೆ ಹೋಗುವವರಾದರು. ಕಛೇರಿಗಳೂ ಬೈಠಕ್ಕುಗಳೂ ಸಂಜೆಗೆ ಸರಿದುವು. ಸಂಜೆಯ ಸಭೆಯಲ್ಲಿ ಯಮನ್, ಪೂರಿಯಾ, ಬಿಹಾಗ್, ಬಾಗೇಶ್ರೀ, ದರಬಾರೀ ಮೊದಲಾದುವು ಮೆರೆಯುತ್ತವೆ. ಆಸಾವರಿಗೆ, ಬಿಲಾವಲ್ಲಿಗೆ, ಸಾರಂಗದ ಪ್ರಭೇದಗಳಿಗೆ, ಪಟದೀಪಕ್ಕೆ, ಮುಲ್ತಾನಿಗೆ ಸ್ಥಳವೆಲ್ಲಿ? ನಿಯಮವನ್ನು ಮೀರಿ ಸಂಜೆಯಲ್ಲಿ ಅವನ್ನು ಹಾಡಲು ಗವಾಯಿಗೆ ಮನಸ್ಸು ಬಾರದು. ನಿಯಮವನ್ನು ಪಾಲಿಸಿದರೆ ಅವನ್ನು ಹಾಡುವ ಅವಕಾಶವೇ ಬಾರದು. ನಿಯಮನಿಷ್ಠೆಯಿಂದಲೇ ರಾಗವು ನಷ್ಟವಾಗುವ ಈ ವಿಚಿತ್ರಸಂಕಟದಲ್ಲಿ ಒದಗಿದುದು ರೇಡಿಯೋ. ಅದರ ದಿನವು ಬೆಳಗು, ಮಧ್ಯಾಹ್ನ, ಸಂಜೆಗಳೆಂಬ ಮೂರು ಪ್ರಸಾರಗಳಾಗಿ ವಿಭಾಗಗೊಂಡಿತ್ತು. ಧ್ವನಿಮುದ್ರಣದ ಸೌಕರ್ಯವು ಅಲ್ಪವಾಗಿದ್ದ ಆ ಕಾಲದಲ್ಲಿ ಕಲಾವಿದನು ತಾನೇ ನಿಲಯಕ್ಕೆ ಹೋಗಿ ಆಯಾ ಹೊತ್ತಿನಲ್ಲಿ ಹಾಡಬೇಕಾಗಿತ್ತು. ಬೆಳಗ್ಗೆ ಕರೆಬಂದವನು ಬೆಳಗಿನ ರಾಗವನ್ನು ಸಿದ್ಧಮಾಡಿಕೊಳ್ಳಲೇಬೇಕು. ಮಧ್ಯಾಹ್ನಕ್ಕೆ ಕರೆಬಂದವನು ಸಾರಂಗವನ್ನು ನೆನೆಯಲೇಬೇಕು. ಅರಸನ ಮನೆಯಲ್ಲಿ ಯಾಮಯಾಮಕ್ಕೆ ನಡೆಯುತ್ತಿದ್ದ ಸೇವೆಯು ವೇಷವನ್ನು ಬದಲಿಸಿ ಮತ್ತೆ ಬಂದಂತಾಯಿತು.

1950ನೆಯ ಇಸವಿಯ ಜನವರಿ 8ರಂದು ಮೊದಲಾದ ಧಾರವಾಡದ ನಿಲಯವು ಇದಕ್ಕೆ ಉತ್ತಮ ನಿದರ್ಶನ. ಹಿಂದೂಸ್ಥಾನಿ ಸಂಗೀತವು ಕನ್ನಡಿಗರ ಮನೆಮಾತಾಗಿದ್ದ ಊರಿನಲ್ಲಿ, ಅಪೂರ್ವರಾಗಗಳ ಭಂಡಾರವೆಂದು ಪ್ರಸಿದ್ಧರಾದ ಮಲ್ಲಿಕಾರ್ಜುನ ಮನಸೂರರಂಥವರು (1910–1992) ಅದರ ಸಂಗೀತಸಲಹೆಗಾರರಾಗಿದ್ದರು. ಇಂಥವರಿದ್ದಲ್ಲಿ ಬೆಳಗಿನ ಅರ್ಧಗಂಟೆಯೆಂಬುದು ಪಟ್ಟಿಯನ್ನು ತುಂಬುವ ಕೆಲಸವಾಗಲಿಲ್ಲ. ಹಳೆ ಮೈಸೂರಿನ ಕಡೆ ಇತಿಹಾಸವು ಬೇರೆಯದು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ಥಾಪಿಸಿದ ಚಿಕ್ಕ ನಿಲಯಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂದಿತು, ಮುಂದೆ ದೇಶದ ಸಮಸ್ತ ನಿಲಯಗಳಿಗೂ ಅದೇ ಹೆಸರಾಯಿತು. ಹೆಸರು ಸಾರ್ಥಕವೇ. ಪುರಾಣಗಳ ಆಕಾಶವಾಣಿಯಂತೆ ಇದೂ ಅಶರೀರಿಣಿ. ಕೇಳುವವನು ‘ಭಲೇ’ ಎಂದರೂ ‘ಸಾಕು’ ಎಂದರೂ ಅದಕ್ಕೆ ಕೇಳಿಸದು.

ಇಷ್ಟು ಲಾಭದ ಮಾತು. ನಷ್ಟದ ಮಾತೆಂದರೆ ನಿಮಿಷ. ರೇಡಿಯೋವಿನಲ್ಲಿ ಎರಡು ಕಾಲಗಳು ಏಕಕಾಲದಲ್ಲಿ ಆಳುತ್ತವೆ: ಒಂದು ಸೂರ್ಯನ ಕಾಲ, ಇನ್ನೊಂದು ಗಡಿಯಾರದ ಕಾಲ. ಮೊದಲನೆಯದರಿಂದ ಹಿಂದೂಸ್ಥಾನಿ ಸಂಗೀತಕ್ಕೆ ಉಪಕಾರವಾಯಿತು. ಎರಡನೆಯದರಿಂದ ಅದಕ್ಕೇ ಅಪಕಾರವಾಯಿತು. ಕರ್ಣಾಟಕ ಸಂಗೀತದ ಸ್ಥಿತಿಯು ಇದಕ್ಕೆ ವಿಪರೀತ. ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಕೃತಿಗೆ ತನ್ನದೇ ಆದ ಆದ್ಯಂತಗಳಿರುತ್ತವೆ. ಅರ್ಧಗಂಟೆಯೊಳಗೆ ಒಂದು ವರ್ಣ, ಸಂಕ್ಷಿಪ್ತಾಲಾಪನೆಯೊಡನೆ ಒಂದು ಕೃತಿ, ನಾಲ್ಕಾವರ್ತ ಕಲ್ಪನಾಸ್ವರ, ಕೊನೆಗೊಂದು ದೇವರನಾಮ ಇಷ್ಟನ್ನೂ ಸಮರ್ಥನಾದ ವಿದ್ವಾಂಸನು ಅವಸರವಿಲ್ಲದೆ ಮುಗಿಸಬಲ್ಲನು. ಮನೋಧರ್ಮಕ್ಕೆ ಕೊರತೆಯಾದರೂ ರೂಪಭಂಗವಾಗದು. ವಿಲಂಬಿತ ಖ್ಯಾಲಿನ ಪ್ರಕೃತಿಯು ಹೀಗಲ್ಲ. ಅದರ ಚೀಜಿನ ಸಾಹಿತ್ಯವು ಎರಡು ಸಾಲು. ಉಳಿದುದೆಲ್ಲ ಬಢತ್, ಎಂದರೆ ಸ್ವರದಿಂದ ಸ್ವರಕ್ಕೆ ಮೆಟ್ಟಲಿಟ್ಟು ಏರುವ ಬೆಳವಣಿಗೆ. ತಾರಷಡ್ಜವನ್ನು ಮುಟ್ಟುವುದು ಅಲ್ಲಿ ಒಂದು ಘಟನೆ, ಅದಕ್ಕಾಗಿ ಕಾಯಬೇಕು. ಆ ಕಾಯುವಿಕೆಯೇ ರಸ. ಕೆಂಪುದೀಪವನ್ನು ನೋಡುತ್ತ ಹಾಡುವವನು ಕಾಯಲಾರನು, ಕಾಯಿಸಲೂ ಆರನು.

ಹಾಗಾದರೆ 1952ರ ಜುಲೈ 20ರಂದು ಮೊದಲಾದ ರಾಷ್ಟ್ರೀಯ ಸಂಗೀತಕಾರ್ಯಕ್ರಮದಲ್ಲಿ ಒಂದೂವರೆ ಗಂಟೆಯ ಅವಕಾಶವಿತ್ತಲ್ಲವೇ ಎಂದು ಶಂಕಿಸಬಹುದು. ಇತ್ತು, ಅದರಿಂದ ದೇಶಕ್ಕೆ ಉಪಕಾರವೂ ದೊಡ್ಡದಾಯಿತು. ಆದರೆ ಅದು ನಡೆಯುತ್ತಿದ್ದುದು ಶನಿವಾರದ ರಾತ್ರಿಯಲ್ಲಿ. ಪರಿಣಾಮವೇನೆಂದರೆ, ದೀರ್ಘಾವಕಾಶವೂ ಉಚಿತವಾದ ಹೊತ್ತೂ ಜೊತೆಯಾಗಿ ಒದಗಿದುದು ಬಹುಮಟ್ಟಿಗೆ ರಾತ್ರಿಯ ರಾಗಗಳಿಗೆ ಮಾತ್ರ. ಬೆಳಗಿನ, ಮಧ್ಯಾಹ್ನದ ರಾಗಗಳಿಗೆ ಹೊತ್ತು ದೊರೆತಾಗ ವಿಸ್ತಾರವಿರಲಿಲ್ಲ, ವಿಸ್ತಾರವಿದ್ದಾಗ ಹೊತ್ತಿರಲಿಲ್ಲ. ಸಾರಂಗವೆಂದರೆ ಲಘುವಾದ ರಾಗವೆಂದೂ ದರಬಾರಿಯೆಂದರೆ ಗಂಭೀರವೆಂದೂ ಒಂದು ಭಾವನೆ ಶ್ರೋತೃಗಳಲ್ಲಿ ಬೇರೂರಿದ್ದರೆ ಅದರಲ್ಲಿ ರಾಗಗಳ ಸ್ವಭಾವದ ಪಾಲೆಷ್ಟು, ಪ್ರಸಾರದ ಪಟ್ಟಿಯ ಪಾಲೆಷ್ಟು ಎಂಬುದು ವಿಚಾರಣೀಯವಾಗಿದೆ.

ಇಲ್ಲಿ ಶಾಸ್ತ್ರವು ಕೊಟ್ಟಿರುವ ಒಂದು ವಿನಾಯಿತಿಯನ್ನು ನೆನೆಯಬೇಕು. 17ನೆಯ ಶತಮಾನದ ದಾಮೋದರನು ಸಂಗೀತದರ್ಪಣದಲ್ಲಿ ರಾಗಗಳನ್ನು ಹೇಳಿದ ಕಾಲದಲ್ಲಿಯೇ ಹಾಡಬೇಕೆಂದು ವಿಧಿಸಿ, ರಾಜಾಜ್ಞೆಯಿದ್ದರೆ ಮಾತ್ರ ಕಾಲವಿಚಾರವು ಬೇಡವೆನ್ನುತ್ತಾನೆ. ರಂಗಭೂಮಿಯಲ್ಲಿಯೂ ಕಾಲದೋಷವಿಲ್ಲವೆಂಬ ಮಾತು ಸಂಪ್ರದಾಯದಲ್ಲಿ ಪ್ರಸಿದ್ಧವಾಗಿದೆ. ರೇಡಿಯೋ ರಂಗಭೂಮಿಯೋ? ಅಲ್ಲ, ಅಲ್ಲಿ ನೋಟಕರಿಲ್ಲ. ರಾಜಾಜ್ಞೆಯೋ? ಹೌದೆನ್ನುವುದಕ್ಕೆ ಆಧಾರಗಳಿವೆ. 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ನಿಲಯಗಳಿಂದ ಹೊರಗಟ್ಟಿದುದೂ, ಅದು ಸುಮಾರು ಮೂವತ್ತು ವರ್ಷಗಳ ಮೇಲೆ ಷರತ್ತುಗಳೊಡನೆ ಒಳಬಂದುದೂ, ಬಿ. ವಿ. ಕೇಸ್ಕರರು ಮಂತ್ರಿಗಳಾಗಿದ್ದಾಗ (1952–1962) ಕಲಾವಿದರನ್ನು ಧ್ವನಿಪರೀಕ್ಷೆಗೆ ಒಳಪಡಿಸಿ ಶ್ರೇಣಿಗಳನ್ನು ಕಟ್ಟಿದುದೂ ಅಪ್ಪಣೆಗಳಲ್ಲದೆ ಮತ್ತೇನು? ಆದರೂ ಈ ವಿನಾಯಿತಿಯನ್ನು ರೇಡಿಯೋ ಬಯಸತಕ್ಕುದಲ್ಲ. ಅರಸನಿಗೆ ಒಂದು ರಾಗವನ್ನು ಅಕಾಲದಲ್ಲಿ ಕೇಳುವ ಬಯಕೆಯಾದರೆ ಅದು ಒಬ್ಬನ ಒಂದು ದಿನದ ಬಯಕೆ. ಪಟ್ಟಿಯಾದರೋ ದಿನದಿನವೂ ಮರಳುತ್ತದೆ. ಅದರ ತಪ್ಪು ಕೆಲಕಾಲದಲ್ಲಿ ರೂಢಿಯಾಗಿ, ರೂಢಿಯು ಪ್ರಮಾಣವಾಗಿಬಿಡುತ್ತದೆ.

2016ರ ಜನವರಿ 26ರಂದು ಬೆಂಗಳೂರಿನಿಂದ ‘ರಾಗಂ’ ಎಂಬ, ಅಹೋರಾತ್ರವೂ ಶಾಸ್ತ್ರೀಯಸಂಗೀತವನ್ನೇ ಕೊಡುವ ಪ್ರಸಾರವು ಆರಂಭವಾಯಿತು. ಇದರಿಂದ ಪ್ರಶ್ನೆಯ ರೂಪವೇ ಬದಲಾಯಿತು. ಹಿಂದೆ ನಿಲಯಗಳು ರಾತ್ರಿ ಬಾಗಿಲು ಮುಚ್ಚುತ್ತಿದ್ದುದರಿಂದ ಸೋಹನಿ, ಪರಜ್, ಲಲಿತ್ ಮೊದಲಾದ, ಇರುಳಿನ ಕಡೆಯ ಭಾಗದ ರಾಗಗಳಿಗೆ ಅವುಗಳ ಹೊತ್ತಿನಲ್ಲಿ ಎಡೆಯೇ ಇರಲಿಲ್ಲ. ಎಂಟು ಪ್ರಹರಗಳೂ ತೆರೆದಿರುವ ದಿನವು ಈಗ ಮೊದಲಬಾರಿಗೆ ಸಾಧ್ಯವಾಯಿತು. ಆದರೆ ಇಲ್ಲಿ ಹಾಡುಗಾರನು ಎದುರಿಗಿಲ್ಲ, ಹೆಚ್ಚಿನದೆಲ್ಲ ಧ್ವನಿಮುದ್ರಣ. ಹಿಂದೆ ಹೊತ್ತಿನ ವಿವೇಕವು ಗವಾಯಿಯದಾಗಿತ್ತು. ಇಲ್ಲಿ ಅದು ಮುದ್ರಣಗಳನ್ನು ಆಯ್ದು ಜೋಡಿಸುವವನದು. ಗವಾಯಿಗೆ ಅದು ಗುರುಮುಖದಿಂದ ಬಂದಿತ್ತು. ಜೋಡಿಸುವವನಿಗೆ ಎಲ್ಲಿಂದ ಬರಬೇಕು?

ಎರಡು ಸಂಪ್ರದಾಯಗಳು ಒಂದೇ ಪಟ್ಟಿಯಲ್ಲಿ ಬಂದಾಗ ಹೆಸರುಗಳೇ ಮೋಸಮಾಡುತ್ತವೆ. ಕರ್ಣಾಟಕದ ಭೂಪಾಳವು ಅರುಣೋದಯದ್ದು, ಹಿಂದೂಸ್ಥಾನದ ಭೂಪಾಲಿಯು ದೀಪಹಚ್ಚಿದ ಮೇಲಿನದು. ಇದರ ಸ್ವರಗಳು ನಮ್ಮ ಮೋಹನದವು. ಕರ್ಣಾಟಕದ ಹಿಂದೋಳವನ್ನು ಉತ್ತರದಲ್ಲಿ ಮಾಲಕೌಂಸ್ ಎಂದು ಕರೆದು ನಡುರಾತ್ರಿಗೆ ಇಡುತ್ತಾರೆ; ಉತ್ತರದ ಹಿಂಡೋಲವಾದರೋ ತೀವ್ರ ಮಧ್ಯಮದ ಬೇರೊಂದು ರಾಗ, ಬೆಳಗಿನದು. ಎರಡು ಕಡೆಯ ಭೈರವಿಗಳೂ ಹೀಗೆಯೇ ಭಿನ್ನ. ಇವುಗಳಲ್ಲಿ ಉತ್ತರದ ಭೈರವಿಗೆ, ಬೆಳಗಿನದಾದರೂ, ಯಾವ ಹೊತ್ತಿನ ಸಭೆಯನ್ನಾದರೂ ಮುಗಿಸುವ ಅಧಿಕಾರವನ್ನು ಶಿಷ್ಟಾಚಾರವು ಕೊಟ್ಟಿದೆ. ಹೆಸರನ್ನು ನೋಡಿ ಹೊತ್ತನ್ನು ನಿರ್ಣಯಿಸುವವನು ಹತ್ತರಲ್ಲಿ ನಾಲ್ಕು ಕಡೆ ತಪ್ಪುವನು. ಸ್ವರಗಳನ್ನು ನೋಡಿ ನಿರ್ಣಯಿಸುವವನೂ ತಪ್ಪುವನು, ಏಕೆಂದರೆ ಬೆಳಗಿನಲ್ಲಿ ಒಬ್ಬ ವಿದ್ವಾಂಸನು ಹಾಡಿದ ಹಿಂದೋಳದ ಕೃತಿಗೆ ಮಾಲಕೌಂಸಿನ ನಿಯಮವನ್ನು ಹೇರುವುದು ಅನ್ಯಾಯ. ದೇಶೀರಾಗಗಳಲ್ಲಿ ಲಕ್ಷಣಕ್ಕೂ ಲಕ್ಷ್ಯಕ್ಕೂ ಭೇದವು ಕಂಡರೆ ಅದು ದೇಶಿತ್ವದಿಂದ ಬಂದ ಸ್ವಾತಂತ್ರ್ಯವೆಂದು ತಿಳಿಯಬೇಕೆಂಬ ಕಲ್ಲಿನಾಥನ ವ್ಯಾಖ್ಯಾನವು ಇಲ್ಲಿ ದಾರಿದೀಪವಾಗಬಲ್ಲದು. ಕರ್ಣಾಟಕ ಸಂಗೀತಕ್ಕೆ ಅದು ಉಳಿಸಿಕೊಂಡಿರುವಷ್ಟು ನಿಯಮ, ಹಿಂದೂಸ್ಥಾನಿಗೆ ಅದರ ಪೂರ್ಣನಿಯಮ ಎಂದು ವ್ಯವಸ್ಥೆಮಾಡಿ, ರಾಗದ ಹೆಸರನ್ನು ಹೇಳುವಾಗಲೇ ಅದು ಯಾವ ಸಂಪ್ರದಾಯದ್ದು, ಯಾವ ಹೊತ್ತಿನದು ಎಂಬುದನ್ನೂ ಉದ್ಘೋಷಕನು ಒಂದು ಮಾತಿನಲ್ಲಿ ತಿಳಿಸಿದರೆ ಕೇಳುವವನ ಕಿವಿಗೆ ಶಿಕ್ಷಣವಾಗುತ್ತದೆ.

ಉಳಿದುದು ಜ್ಯೋತಿಷಿಗಳಿಗೆ ಪರಿಚಿತವಾದ ಒಂದು ತೊಡಕು. ದೇಶಕ್ಕೆಲ್ಲ ಗಡಿಯಾರವು ಒಂದೇ, ಸೂರ್ಯೋದಯವು ಒಂದೇ ಅಲ್ಲ. ಧಾರವಾಡವು ಸುಮಾರು 75 ಅಂಶ ಪೂರ್ವರೇಖಾಂಶದಲ್ಲಿಯೂ ಗುವಾಹಟಿಯು 91 ಅಂಶಕ್ಕೂ ತುಸು ಮೀರಿದ ರೇಖಾಂಶದಲ್ಲಿಯೂ ಇವೆ. ಅಂಶಕ್ಕೆ 4 ನಿಮಿಷದಂತೆ ದೇಶಾಂತರಸಂಸ್ಕಾರವನ್ನು ಮಾಡಿದರೆ ಅಂತರವು ಒಂದು ಗಂಟೆಗೂ ಮೀರಿ, ಎರಡೂವರೆ ಗಳಿಗೆಗೂ ಹೆಚ್ಚಾಗುತ್ತದೆ. ಚಳಿಗಾಲದಲ್ಲಿ ಅಕ್ಷಾಂಶದ ಭೇದವೂ ಸೇರಿ ಸೂರ್ಯಾಸ್ತದ ಅಂತರವು ಇನ್ನೂ ಬೆಳೆಯುತ್ತದೆ. ಏಳೂವರೆ ಗಳಿಗೆಯ ಪ್ರಹರವನ್ನು ಪಡೆದಿರುವ ಸಾರಂಗಕ್ಕೋ ಬಾಗೇಶ್ರೀಗೋ ಇದರಿಂದ ಹಾನಿಯಿಲ್ಲ. ಸಂಧಿಪ್ರಕಾಶದ ಮಾರವಾ, ಪೂರ್ವಿ, ಶ್ರೀ ಇವುಗಳಿಗೆ ಇರುವ ಅವಕಾಶವೇ ಅಷ್ಟು. ಧಾರವಾಡದ ಮುಸ್ಸಂಜೆಗೆ ಸರಿಯಾಗಿ ಹೊರಟ ಮಾರವಾ ಗುವಾಹಟಿಯನ್ನು ತಲಪುವಾಗ ಅಲ್ಲಿ ಕತ್ತಲು ಕವಿದು ಬಹಳ ಹೊತ್ತಾಗಿರುತ್ತದೆ. ಆದುದರಿಂದ ಪ್ರಹರದ ರಾಗಗಳನ್ನು ದೇಶಕ್ಕೆಲ್ಲ ಸಮಾನವಾದ ಪ್ರಸಾರಕ್ಕೆ ಬಿಟ್ಟು, ಸಂಧಿಯ ರಾಗಗಳನ್ನಾದರೂ ಆಯಾ ಊರಿನ ನಿಲಯಗಳು ಪಂಚಾಂಗವನ್ನು ನೋಡಿ ತಮ್ಮ ತಮ್ಮ ಸೂರ್ಯಾಸ್ತಕ್ಕೆ ಹೊಂದಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.