ಇಪ್ಪತ್ತು ಸೆಕೆಂಡಿನ ಮೇಲೆ ನಿಂತ ಕೀರ್ತಿ

ಲಿವರ್ ಕ್ಯಾನ್ಸರಿನ ವಿಷಯದಲ್ಲಿ ಎಂಆರ್‌ಐಗೆ ಈಗ ಸಿಕ್ಕಿರುವ ಹೆಸರು ಅದರ ದುಡಿಮೆಗಿಂತ ದೊಡ್ಡದು. ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗುವವರು, ಶಹಾಬಾದಿನಿಂದ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗುವವರು, ರೈಲೇ ಇಲ್ಲದ ಚಿಂಚೋಳಿಯಿಂದ ಬಸ್ಸಿನಲ್ಲಿ ತಾಂಡೂರು ಮುಟ್ಟುವವರು, ಎಲ್ಲರ ಕೈಯಲ್ಲೂ ಫಿಲ್ಮಿನ ಅದೇ ದೊಡ್ಡ ಲಕೋಟೆ. 'ಎಂಆರ್‌ಐ ಆಗ್ಯಾದ್ರಿ, ಇನ್ನ ಎಲ್ಲಾ ಗೊತ್ತಾಗ್ತದ' ಎಂಬ ಅದೇ ನಂಬಿಕೆ. ಈ ನಂಬಿಕೆಯನ್ನು ಹುಟ್ಟಿಸಿದವರು ರೋಗಿಗಳಲ್ಲ.

ಯಂತ್ರದ ಚರಿತ್ರೆ, ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡರಿಗೆ ಬಂದ 2003ರ ನೊಬೆಲ್, ಬಾರದ ಡಮಾಡಿಯನ್ನರ ಸಿಟ್ಟು, ಇವು ಓದುಗರಿಗೆ ಗೊತ್ತಿರುವಂಥವೇ. ನನ್ನ ತಕರಾರು ಇರುವುದು ಇಡೀ ಪರೀಕ್ಷೆಯ ಒಂದು ತುಣುಕಿನ ಬಗ್ಗೆ, ಅಪಧಮನಿ ಹಂತದ ಬಗ್ಗೆ.

ಲಿವರ್‌ಗೆ ರಕ್ತ ಬರುವ ದಾರಿ ಎರಡು. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ನಾಳದಲ್ಲಿ ಬರುತ್ತದೆ, ಉಳಿದ ಕಾಲು ಪಾಲು ಅಪಧಮನಿಯಲ್ಲಿ. ಲಿವರ್‌ನ ಜೀವಕೋಶದಲ್ಲೇ ಹುಟ್ಟುವ ಕ್ಯಾನ್ಸರ್ ಈ ಪಾಲುಪಟ್ಟಿ ಒಪ್ಪುವುದಿಲ್ಲ; ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ತೋಳಿನ ನರಕ್ಕೆ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಬಿಟ್ಟ ಅರ್ಧ ನಿಮಿಷದ ಆಸುಪಾಸಿನಲ್ಲಿ ಗಡ್ಡೆ ಬೆಳಗುತ್ತದೆ; ಇದೇ ಅಪಧಮನಿ ಹಂತ. ನಿಮಿಷ ದಾಟಿದ ಮೇಲೆ ಸುತ್ತಲಿನ ಲಿವರ್ ಬೆಳಗಿ, ಗಡ್ಡೆ ಮಸುಕಾಗುತ್ತದೆ. ಸಿರೋಸಿಸ್ ಅಥವಾ ಬಹುಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ ಎರಡು ಸೆಂಟಿಮೀಟರ್ ಮೀರಿದ ಗಡ್ಡೆ ಹೀಗೆ ಬೆಳಗಿ ಮಸುಕಾದರೆ, ತುಣುಕು ತೆಗೆದು ನೋಡದೆಯೂ ಕ್ಯಾನ್ಸರ್ ಎಂದು ಬರೆಯಬಹುದು. ಅಮೆರಿಕದ ರೇಡಿಯಾಲಜಿ ಕಾಲೇಜು 2011ರಲ್ಲಿ ತಂದು 2018ರಲ್ಲಿ ತಿದ್ದಿದ ಲೈ-ರಾಡ್ಸ್ ಪದ್ಧತಿಯ ತಿರುಳು ಇದೇ. ಬೇರೆ ಕ್ಯಾನ್ಸರುಗಳಿಗೆ ಇಂಥ ರಿಯಾಯಿತಿ ಹೆಚ್ಚುಕಡಿಮೆ ಇಲ್ಲ.

ಅಷ್ಟು ದೊಡ್ಡ ತೀರ್ಪು ನಿಂತಿರುವುದು ರೋಗಿ ಹದಿನೈದಿಪ್ಪತ್ತು ಸೆಕೆಂಡು ಉಸಿರು ಬಿಗಿಹಿಡಿಯುವುದರ ಮೇಲೆ. ಆ ರೋಗಿ ಯಾರು? ಹೊಟ್ಟೆಯಲ್ಲಿ ನೀರು ತುಂಬಿದವನು, ಮಲಗಿದರೆ ಏದುಸಿರು ಬರುವವನು, ಕೊಳವೆಯೊಳಗೆ ಗಡಗಡ ಸದ್ದಿಗೆ ಬೆದರಿದವನು. ಅವನ ಕಿವಿಗೆ ಹಿಂದಿಯಲ್ಲೋ ತೆಲುಗಿನಲ್ಲೋ ಒಂದು ಧ್ವನಿ ಬೀಳುತ್ತದೆ. 'ದಮ್ಮು ಹಿಡೀರಿ' ಅಂದಿದ್ದರೆ ಹಿಡಿಯುತ್ತಿದ್ದನೇನೋ. ಅವನು ಎದೆ ಅಲುಗಿಸಿದರೆ ಚಿತ್ರ ಕಲಸಿಹೋಗುತ್ತದೆ, ಮತ್ತೆ ತೆಗೆಯುವಂತಿಲ್ಲ, ಮದ್ದು ಆಗಲೇ ಮುಂದೆ ಹರಿದಿರುತ್ತದೆ. ಹೀಗಾದಾಗ ಬರೆಯಲೆಂದೇ 'ವರ್ಗೀಕರಿಸಲಾಗದು' ಎಂಬ ವರ್ಗವೊಂದು ಆ ಪದ್ಧತಿಯಲ್ಲಿದೆ. ಅದನ್ನು ಬರೆಯಲು ಧೈರ್ಯ ಬೇಕು. ಕಾಂಟ್ರಾಸ್ಟ್ ಇಲ್ಲದ ಸಾದಾ ಎಂಆರ್‌ಐ ಮಾಡಿಸಿಕೊಂಡವರ ಪಾಡು ಇನ್ನೂ ಕಷ್ಟ. ಹಣ ಹೋಗಿರುತ್ತದೆ, ಆ ಹಂತವೇ ಇರುವುದಿಲ್ಲ.

ಇಲ್ಲಿ ಗ್ಯಾಡಾಕ್ಸೆಟೇಟ್ ಅಭಿಮಾನಿಗಳು ಎದ್ದುನಿಲ್ಲುತ್ತಾರೆ. ಈ ದುಬಾರಿ ಮದ್ದಿನ ಅರ್ಧದಷ್ಟನ್ನು ಲಿವರ್ ಜೀವಕೋಶಗಳೇ ಹೀರುತ್ತವೆ. ಇಪ್ಪತ್ತು ನಿಮಿಷದ ನಂತರ ಸಣ್ಣಪುಟ್ಟ ಗಡ್ಡೆಗಳೂ ಕಪ್ಪಾಗಿ ಕಾಣುತ್ತವೆ. ನಿಜ. ಆದರೆ ಇದರ ಪ್ರಮಾಣ ಮಾಮೂಲಿ ಮದ್ದಿನ ಕಾಲುಭಾಗ, ಅಪಧಮನಿ ಹಂತವನ್ನು ಹಿಡಿಯುವುದು ಇನ್ನೂ ಕಷ್ಟ. ಸಾಲದ್ದಕ್ಕೆ, ಮದ್ದು ಒಳಹೊಕ್ಕ ಕ್ಷಣದಲ್ಲೇ ಕೆಲವರಿಗೆ ಉಸಿರು ತಪ್ಪಿ ಅದೇ ಹಂತ ಹಾಳಾಗುತ್ತದೆಂದು 2013ರಲ್ಲೇ ವರದಿಯಾಗಿದೆ. ಕಾಮಾಲೆ ಏರಿದವರಲ್ಲಿ ಲಿವರ್ ಮದ್ದನ್ನು ಸರಿಯಾಗಿ ಹೀರುವುದೂ ಇಲ್ಲ. ತಡವಾಗಿ ದವಾಖಾನೆ ಮುಟ್ಟುವ ನಮ್ಮ ಭಾಗದವರಿಗೆ ಇದು ಎಷ್ಟು ಒದಗೀತು?

ಇದಕ್ಕಿಂತ ಅತಿಯಾದದ್ದು ಭವಿಷ್ಯ ನುಡಿಯುವವರ ಗುಂಪು. ಗಡ್ಡೆ ಸೂಕ್ಷ್ಮ ರಕ್ತನಾಳಗಳೊಳಕ್ಕೆ ನುಗ್ಗಿದೆಯೇ ಎಂಬುದನ್ನು ಆಪರೇಷನ್ನಿಗೆ ಮೊದಲೇ ಚಿತ್ರ ನೋಡಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುತ್ತೇವೆ ಎನ್ನುತ್ತಾರೆ. ಗಡ್ಡೆಯ ಅಂಚು ನಯವಾಗಿಲ್ಲದಿರುವುದು, ಸುತ್ತ ಬೆಳಕಿನ ಉಂಗುರ ಇರುವುದು ಸುಳಿವುಗಳೇ, ಅಲ್ಲಗಳೆಯುವುದಿಲ್ಲ. ಆದರೆ ಸರಿಯುತ್ತರ ಸಿಗುವುದು ಕತ್ತರಿಸಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಮಾತ್ರ. ಅಂದರೆ ಇವರ ಲೆಕ್ಕ ಕಲಿತದ್ದೆಲ್ಲ ಆಪರೇಷನ್ ಆದವರಿಂದ, ಪ್ರಯೋಗಿಸುವುದು ಆಪರೇಷನ್ ಆಗಬೇಕೋ ಬೇಡವೋ ಎಂದು ಕೂತವರ ಮೇಲೆ. ದೊಡ್ಡ ನಾಳಕ್ಕೇ ಗಡ್ಡೆ ಇಳಿದವರು, ನೀರು ತುಂಬಿದವರು ಆ ಅಧ್ಯಯನಗಳಿಂದ ಮೊದಲೇ ಹೊರಗುಳಿದಿರುತ್ತಾರೆ. ಬಹುಪಾಲು ಅಧ್ಯಯನಗಳು ಒಂದೇ ಆಸ್ಪತ್ರೆಯ ಹಳೆಯ ಕಡತ ಕೆದಕಿ ಬರೆದವು, ಅದರಲ್ಲೂ ಪೂರ್ವ ಏಷ್ಯಾದವು. ಗಡ್ಡೆಯ ಯಾವ ಭಾಗದಿಂದ ಎಷ್ಟು ತುಣುಕು ತೆಗೆದರು ಎಂಬುದರ ಮೇಲೆ ಆ 'ಸರಿಯುತ್ತರ'ವೂ ಬದಲಾಗುತ್ತದೆ. ಇದನ್ನು ಮುನ್ಸೂಚನೆ ಎನ್ನಲಿ, ತೀರ್ಮಾನ ಎನ್ನದಿರಲಿ.

ಸರ್ಜನ್ನರಿಗೆ ಬೇಕಾದದ್ದು ಬೇರೆ. ಗಡ್ಡೆ ಎಷ್ಟು, ಯಾವ ನಾಳಕ್ಕೆ ಎಷ್ಟು ಹತ್ತಿರ, ಕೊಯ್ದ ಮೇಲೆ ಉಳಿಯುವ ಲಿವರ್ ಎಷ್ಟು. ಸಿರೋಸಿಸ್ ಇದ್ದರೆ ಶೇ. 40ರಷ್ಟಾದರೂ ಉಳಿಯಬೇಕು. ಕಸಿ ಮಾಡುವುದಾದರೆ ಮಿಲಾನಿನ 1996ರ ಅಳತೆ: ಒಂದೇ ಇದ್ದರೆ ಐದು ಸೆಂಟಿಮೀಟರ್, ಮೂರರವರೆಗಿದ್ದರೆ ತಲಾ ಮೂರರೊಳಗೆ. ಎರಡು ಸೆಂಟಿಮೀಟರಿಗಿಂತ ಸಣ್ಣ ಗಡ್ಡೆ ಹುಡುಕಲು ಎಂಆರ್‌ಐಯೇ ಮೇಲು, ಒಪ್ಪಿದೆ. ದೊಡ್ಡ ಗಡ್ಡೆ ಹೊತ್ತು, ಉಸಿರು ಹಿಡಿಯಲಾರದೆ ಬಂದವನಿಗೆ ಹಂತಹಂತವಾಗಿ ಸರಿಯಾಗಿ ತೆಗೆದ ಸಿಟಿಯೇ ವಾಸಿ. ಅದು ಕೇಳುವುದು ಕೆಲವೇ ಸೆಕೆಂಡಿನ ಉಸಿರು.

2023ರಲ್ಲಿ ಸೇಡಂನಿಂದ ಗೆದ್ದ ಶರಣಪ್ರಕಾಶ ಪಾಟೀಲರು ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಾದರು. ಆ ಇಲಾಖೆಯಿಂದ ಹೊಸ ಯಂತ್ರಗಳು ಬರಲಿ, ಬೇಡವೆನ್ನುವವರು ಯಾರು? ಅದಕ್ಕೂ ಮೊದಲು ಕಲ್ಯಾಣ ಕರ್ನಾಟಕದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕಾಸು ಖರ್ಚಿಲ್ಲದ ಎರಡು ಕೆಲಸ ಆಗಲಿ. ಮದ್ದು ಬಿಡುವ ಮುನ್ನ ರೋಗಿಗೆ ಅವನ ಮಾತಿನಲ್ಲೇ ಉಸಿರು ಹಿಡಿಯುವ ರೂಢಿ ಮಾಡಿಸಲಿ. ಪ್ರತಿ ಲಿವರ್ ಎಂಆರ್‌ಐ ವರದಿಯ ಮೊದಲ ಸಾಲಿನಲ್ಲೇ ಅಪಧಮನಿ ಹಂತ ಸಿಕ್ಕಿತೋ ಇಲ್ಲವೋ ಬರೆಯುವುದು ಕಡ್ಡಾಯವಾಗಲಿ.