ಕೂದಲೆಳೆ ಇಳಿದ ತಾರಷಡ್ಜ

ಅಥಣಿಯ ಹಾರ್ಮೋನಿಯಂ ಪೇಟಿ ಮಾಸ್ತರರ ಕಣ್ಣಿಗೆ ಪೊರೆ ಬಂದು ವರ್ಷಗಳಾದವು. ಕಿವಿಗೆ ಮಾತ್ರ ಯಾವ ಪೊರೆಯೂ ಇಲ್ಲ. ಹೋದ ಭಾನುವಾರ ಅವರ ಪಡಸಾಲೆಯಲ್ಲಿ ಕೂತು ಚೀಲದಿಂದ ನನ್ನ ಬೂದುಬಣ್ಣದ ಗೇಮ್‌ಬಾಯ್ ತೆಗೆದು ಸ್ವಿಚ್ ಸರಿಸಿದೆ. ಕಂಪನಿಯ ಹೆಸರು ಪರದೆಯ ಮೇಲಿನಿಂದ ಇಳಿದು ಬಂದು ನಡುವೆ ನಿಂತಿತು. ಎಂದಿನಂತೆ ‘ಟಿ-ಣಿಂಗ್’ ಅಂದಿತು. ಅಡಕೆ ಕತ್ತರಿಸುತ್ತಿದ್ದ ಮಾಸ್ತರರ ಕೈ ನಿಂತಿತು.

“ಇನ್ನೊಮ್ಮೆ ಹಚ್ಚು ತಮ್ಮಾ.”

ಆರಿಸಿ ಮತ್ತೆ ಹಚ್ಚಿದೆ. ಮತ್ತೊಮ್ಮೆ ಅಂದರು. ಮತ್ತೂ ಹಚ್ಚಿದೆ.

“ಎರಡೂ ಸಾ. ಕೆಳಗಿಂದು ಒಂದು, ಮ್ಯಾಲಿಂದು ಒಂದು. ಖರೆ, ಮ್ಯಾಲಿನ ಸಾ ಒಂದು ಕೂದಲೆಳಿ ಇಳದೈತಿ ನೋಡು.”

ಎಷ್ಟು ಸಾವಿರ ಸಲ ಆ ಸದ್ದು ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ನನಗೆ ಹಾಗೆ ಅನಿಸಿರಲಿಲ್ಲ. ನಿಪ್ಪಾಣಿಗೆ ಮರಳಿದ ರಾತ್ರಿಯೇ ಕಾಗದ ಹಿಡಿದು ಕೂತೆ. ಗೇಮ್‌ಬಾಯ್‌ನಲ್ಲಿ ಸ್ವರ ಹುಟ್ಟುವುದು ಭಾಗಾಕಾರದಿಂದ. 131072ನ್ನು 1ರಿಂದ 2048ರೊಳಗಿನ ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಆ ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು ಸಿಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಆ ಮೊದಲ ಸ್ವರದ ಭಾಜಕ 125. ಅಂದರೆ ಸುಮಾರು 1049 ಕಂಪನ. ಅದರ ತಾರಷಡ್ಜ ಸರಿಯಾಗಿ ಬರಬೇಕಾದರೆ ಭಾಜಕ ಅರವತ್ತೆರಡೂವರೆ ಇರಬೇಕು. ಆ ಅರೆಗೆ ಅಲ್ಲಿ ಜಾಗವಿಲ್ಲ, 63 ಹಾಕಿದ್ದಾರೆ. 2097 ಬರಬೇಕಾದಲ್ಲಿ 2080 ಬಂದಿದೆ. ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದಲ್ಲಿ ಸುಮಾರು ಏಳನೆಯ ಒಂದು ಪಾಲು ಕಡಿಮೆ. ಮಾಸ್ತರರು ಹೇಳಿದ್ದು ಸರಿ.

ಕೈಯಲ್ಲಿ ಹಿಡಿದು ಆಡುವ ಈ ಡಬ್ಬಿ ಜಪಾನಿನ ಅಂಗಡಿಗಳಿಗೆ ಬಂದದ್ದು 1989ರ ಏಪ್ರಿಲ್ 21ರಂದು. ನಿಂಟೆಂಡೊದಲ್ಲಿ ಗುನ್ಪೆಯಿ ಯೊಕೊಯಿ ನಡೆಸುತ್ತಿದ್ದ ತಂಡದ ಕೂಸು ಇದು. ಆಗಲೇ ಹಳತಾಗಿ ಅಗ್ಗವಾಗಿದ್ದ ಬಿಡಿಭಾಗಗಳಿಂದ ಹೊಸದೇನಾದರೂ ಮಾಡಬೇಕು ಎನ್ನುವುದು ಯೊಕೊಯಿ ಹಟ. ಹಸಿರು ಛಾಯೆಯ ಪರದೆಯಲ್ಲಿ ನಾಲ್ಕೇ ಬಗೆಯ ಬೂದು, ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144, ಹಿಂದೆ ನಾಲ್ಕು ಪೆನ್ಸಿಲ್ ಸೆಲ್ಲು. ಮುಂದೆ ಬಂದ ಬಣ್ಣದ ಮಾದರಿಯನ್ನೂ ಸೇರಿಸಿ ಜಗತ್ತಿನಲ್ಲಿ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ನಮ್ಮ ಚಿಕ್ಕೋಡಿ, ರಾಯಬಾಗ ಕಡೆ ಅದು ಅಂಗಡಿಯಲ್ಲಿ ಕಂಡದ್ದಲ್ಲ. ಯಾರದೋ ಮನೆಗೆ ಮುಂಬೈಯಿಂದಲೋ ಗಲ್ಫಿನಿಂದಲೋ ಸೂಟ್‌ಕೇಸಿನಲ್ಲಿ ಬಂದದ್ದು. ನಮಗೆ ಸಿಕ್ಕಿದ್ದು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಮಾರುತ್ತಿದ್ದ, ಇಟ್ಟಿಗೆ ಜೋಡಿಸುವ ಆಟದ ಪ್ಲಾಸ್ಟಿಕ್ ಡಬ್ಬಿ. ಅದರ ಕೀರಲು ದನಿ ಕೇಳಿ ಬೆಳೆದವನು ನಾನು. ಗೇಮ್‌ಬಾಯ್ ಕೈಗೆ ಬಂದದ್ದು ಮೀಸೆ ಬಂದ ಮೇಲೆ.

ಆಟಕ್ಕಲ್ಲ, ಹಾಡಿಗೆ. ಅದರೊಳಗೆ ನಾಲ್ಕು ಕಂಠಗಳಿವೆ. ಎರಡು ಕಂಠ ಚೌಕ ಅಲೆಯವು. ಅಲೆಯ ಎಷ್ಟು ಪಾಲು ಮೇಲಿರಬೇಕು, ಎಷ್ಟು ಕೆಳಗೆ ಎಂಬುದನ್ನು ಬದಲಿಸಿದರೆ ದನಿಯ ಬಣ್ಣ ಬದಲಾಗುತ್ತದೆ. ಅರ್ಧಕ್ಕರ್ಧ ಇಟ್ಟರೆ ಮದುವೆ ಬ್ಯಾಂಡಿನ ಕ್ಲಾರಿಯೋನೆಟ್ಟಿನ ಟೊಳ್ಳುದನಿ. ಎಂಟರಲ್ಲೊಂದು ಪಾಲು ಇಟ್ಟರೆ ಸನಾದಿಯ ಮೂಗುದನಿ. ಕಾಲುಭಾಗ ಎರಡರ ನಡುವಿನದು. ಮುಕ್ಕಾಲು ಇಟ್ಟರೂ ಕಿವಿಗೆ ಕಾಲುಭಾಗವೇ. ಮೂರನೆಯ ಕಂಠದ ಅಲೆಯನ್ನು ನಾವೇ ಬರೆಯಬೇಕು: 32 ಚುಕ್ಕಿ, ಪ್ರತಿ ಚುಕ್ಕಿಗೆ 16 ಎತ್ತರ, ರಂಗೋಲಿ ಇಟ್ಟ ಹಾಗೆ. ನಾಲ್ಕನೆಯದು ಬರೀ ಗದ್ದಲ. ಅದನ್ನು ಚಿಕ್ಕದಾಗಿ ತುಂಡರಿಸಿದರೆ ಹಲಗಿಯ ಪೆಟ್ಟು, ಉದ್ದ ಬಿಟ್ಟರೆ ತಗಡಿನ ಮೇಲೆ ಸುರಿವ ಮಳೆ. ಇಷ್ಟೇ. ಈ ನಾಲ್ಕರಲ್ಲಿ ಒಂದು ಇಡೀ ಭಜನಾ ಮಂಡಳಿಯನ್ನು ಕೂರಿಸಬೇಕು.

ಹಾಗೆ ಕೂರಿಸಲು ಬೇಕಾದ ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಮಾಡಲಿಲ್ಲ, ಆಸಕ್ತರೇ ಮಾಡಿಕೊಂಡರು. ಜರ್ಮನಿಯ ಆಲಿವರ್ ವಿಟ್ಖೋ 1998ರಲ್ಲಿ ‘ನ್ಯಾನೊಲೂಪ್’ ಬರೆದ. ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ 2000ದಲ್ಲಿ ‘ಲಿಟಲ್ ಸೌಂಡ್ ಡಿಜೆ’ ತಂದ. ನನ್ನದು ಎರಡನೆಯ ಪಂಥ. ಅದರಲ್ಲಿ ಹಾಡಿನ ಚಿಕ್ಕ ತುಣುಕಿಗೆ 16 ಹೆಜ್ಜೆ. ತೀನತಾಳದವರಿಗೆ ಅದು ತವರುಮನೆ. ಝಪತಾಳ ಬೇಕೆಂದರೆ ಹತ್ತು ಹೆಜ್ಜೆ ಮುಗಿದಲ್ಲಿ ‘ಎಚ್’ ಎಂದು ಬರೆದರೆ ಸಾಕು, ಅಲ್ಲಿಂದಲೇ ಮುಂದಿನ ತುಣುಕಿಗೆ ಜಿಗಿಯುತ್ತದೆ. ರೂಪಕದ ಏಳೂ ಹೀಗೆಯೇ. ಭಜನೆಯ ಠೇಕಾದ ತೂಗಾಟಕ್ಕೆ ‘ಗ್ರೂವ್’ ಎಂಬ ಪುಟವಿದೆ. ಎಲ್ಲ ಹೆಜ್ಜೆಗೂ ಆರಾರು ಎಣಿಕೆ ಕೊಡುವ ಬದಲು ಒಂದಕ್ಕೆ ಎಂಟು, ಇನ್ನೊಂದಕ್ಕೆ ನಾಲ್ಕು ಕೊಟ್ಟರೆ ಲಯ ಕುಂಟದೆ ಬಳುಕುತ್ತದೆ. ನ್ಯೂಯಾರ್ಕಿನಲ್ಲಿ 2006ರಿಂದ ಕೆಲವು ವರ್ಷ ಈ ಡಬ್ಬಿಗಳದೇ ‘ಬ್ಲಿಪ್ ಫೆಸ್ಟಿವಲ್’ ನಡೆಯಿತು. ಅಲ್ಲಿ ಜನ ನಿಂತು ಕುಣಿದರು. ಇಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳುತ್ತೇನೆ. ಕೂತು ಕೇಳಿದರೇ ಇದರ ಒಳಗುಟ್ಟು ಬಿಚ್ಚಿಕೊಳ್ಳುವುದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ರಿಪೇರಿ. ಮೂವತ್ತು ದಾಟಿದ ಯಂತ್ರ ಕೈಗೆ ಬಂದಾಗ ಮೊದಲು ಸೆಲ್ಲಿನ ಮನೆ ತೆರೆದು ನೋಡಬೇಕು. ಯಾರೋ ಸೆಲ್ಲು ಹಾಕಿ ಮರೆತಿರುತ್ತಾರೆ. ಅದು ಸೋರಿ ತಗಡಿನ ಮೇಲೆ ಬೂಷ್ಟು ಹಿಡಿದಂತೆ ಕೂತಿರುತ್ತದೆ. ಪರದೇಶದ ಪುಸ್ತಕಗಳೆಲ್ಲ ವಿನೆಗರ್ ಹಚ್ಚಿ ಅನ್ನುತ್ತವೆ. ಆಲ್ಕಲೈನ್ ಸೆಲ್ಲಿನ ಕ್ಷಾರಕ್ಕೆ ಹುಳಿ ಹಚ್ಚುವುದು ಸರಿಯೇ. ನಮ್ಮ ಕಿರಾಣಿ ಅಂಗಡಿಯ ಅಗ್ಗದ ಸತುವಿನ ಸೆಲ್ಲು ಸೋರಿದರೆ ಬರುವುದು ಆಮ್ಲ. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿದ ಹತ್ತಿಯೇ ಮದ್ದು. ಆಮೇಲೆ ಎರಡನ್ನೂ ಐಪಿಎ ಎಂಬ ಆಲ್ಕೊಹಾಲಿನಿಂದ ಒರೆಸಬೇಕು. ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ, ನೀರು ಬೆರೆಸದ ಐಪಿಎ ಆಗಬೇಕು. ಆಡುತ್ತಿದ್ದಂತೆ ತಾನೇ ಆರಿ ಹತ್ತುವ ಯಂತ್ರ ಬಂದರೆ ಚಿಪ್ಪಿನ ಮೇಲೆ ಸಂಶಯ ಪಡಬೇಡಿ. ಹೆಚ್ಚಿನ ಸಲ ಸ್ವಿಚ್ಚಿನೊಳಗೆ ಕಿಲುಬು ಕೂತು ಕರೆಂಟು ತಡೆಯುತ್ತಿರುತ್ತದೆ. ಪರದೆಯಲ್ಲಿ ಉದ್ದುದ್ದ ಗೆರೆ ಮಾಯವಾಗಿದ್ದರೆ ಕೆಳಗಿನ ರಿಬ್ಬನ್ನಿನ ಅಂಟು ಬಿಟ್ಟಿದೆ ಎಂದರ್ಥ. ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅದರ ಮೇಲೆ ಹಗುರವಾಗಿ, ಇಸ್ತ್ರಿ ಮಾಡಿದ ಹಾಗೆ ಎಳೆದರೆ ಗೆರೆ ಒಂದೊಂದಾಗಿ ಮರಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಂತೋಷ ಕೊಡುವ ದೃಶ್ಯ ಅದು. ಕಾರ್ಟ್ರಿಜ್ಜಿನೊಳಗೆ ಗುಂಡಿಯಂಥ ಇನ್ನೊಂದು ಸೆಲ್ಲು ಇರುತ್ತದೆ, ಬರೆದ ಹಾಡುಗಳೆಲ್ಲ ಅದರ ಉಸಿರಿನಲ್ಲಿ ಬದುಕಿರುತ್ತವೆ. ಅದು ಸತ್ತ ದಿನ ನನ್ನ 11 ಹಾಡು ಹೋದವು. ಇಂಥ ಕಾರ್ಟ್ರಿಜ್ ಇರುವವರು ಇಂದೇ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಟ್ಟುಕೊಳ್ಳಿ.

ಇವೆಲ್ಲ ಕೈಗೆಲಸ. ಕಿವಿಯ ಕೆಲಸ ಶುರುವಾಗುವುದು ಆಮೇಲೆ.

ಗೇಮ್‌ಬಾಯ್‌ನ ಹೆಡ್‌ಫೋನ್ ತೂತಿನಿಂದ ಬರುವ ಸದ್ದು ಒಳಗಿನ ಸಣ್ಣ ಆಂಪ್ಲಿಫೈಯರ್ ದಾಟಿ ಬರುತ್ತದೆ. ದಾಟುವಾಗ ಸುಂಯ್ ಎಂಬ ಉಸಿರನ್ನೂ ಗುಂಯ್ ಎಂಬ ಮೊರೆತವನ್ನೂ ಹೊತ್ತು ತರುತ್ತದೆ. ಹೀಗಾಗಿ ಸಂಗೀತದವರು ‘ಪ್ರೊಸೌಂಡ್’ ಎಂಬ ಮಾರ್ಪಾಟು ಮಾಡುತ್ತಾರೆ. ವಾಲ್ಯೂಮ್ ಗಾಲಿಯ ಬುಡದಲ್ಲಿ ಎಡ, ಬಲ, ಗ್ರೌಂಡ್ ಎಂದು ಮೂರು ಕಾಲು ಹುಡುಕಿ, ಆಂಪ್ಲಿಫೈಯರಿಗೆ ಹೋಗುವ ಮೊದಲೇ ಅಲ್ಲಿಂದ ತಂತಿ ಎಳೆದು ಹೊಸ ಜ್ಯಾಕಿಗೆ ಬೆಸೆಯುವುದು. ಅರ್ಧ ಗಂಟೆಯ ಕೆಲಸ. ಕೆಳಸ್ವರ ತುಂಬಿ ಬರುತ್ತದೆ, ಉಸಿರು ಕಡಿಮೆಯಾಗುತ್ತದೆ.

ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಳಿದ ಚೂರು ಗದ್ದಲವೂ ಬೇಡವೆಂದು ಹೊರದಾರಿಗೆ ಅಡ್ಡಲಾಗಿ ಒಂದು ಕೆಪ್ಯಾಸಿಟರ್ ಹಾಕಿದೆ. ಸಾಲದೆಂದು ಇನ್ನೂ ದೊಡ್ಡದು ಹಾಕಿದೆ. ಗದ್ದಲ ಹೋಯಿತು. ಯಂತ್ರ ಬಾವಿಯಷ್ಟು ಮೌನವಾಯಿತು. ವಾರ ಕಳೆದ ಮೇಲೆ ಗೊತ್ತಾಯಿತು, ಸನಾದಿಯೂ ಹೋಗಿತ್ತು. ಮೂಗುದನಿಗೂ ಟೊಳ್ಳುದನಿಗೂ ಇದ್ದ ವ್ಯತ್ಯಾಸವೆಲ್ಲ ಮೇಲುಮೇಲಿನ ಉಪಸ್ವರಗಳಲ್ಲಿತ್ತು, ಕೆಪ್ಯಾಸಿಟರ್ ಅವನ್ನೇ ನುಂಗಿತ್ತು. ಯಾವ ಬಣ್ಣ ಇಟ್ಟರೂ ಒಂದೇ ಮಂಕು.

ಆ ದಿನಗಳಲ್ಲೇ ಮಿರಜಿಗೆ ಹೋಗುವುದಾಯಿತು. ಕಾಗವಾಡ ದಾಟಿದರೆ ಮಿರಜ. ನಮ್ಮ ಗಡಿಯ ಆಚೆ, ನಮ್ಮ ಸಂಗೀತದ ಒಳಗೆ. ಶಸ್ತ್ರ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೆಯ ಶತಮಾನದಲ್ಲಿ ಸಿತಾರ, ತಂಬೂರಿಗಳ ಕಸುಬಿಗೆ ಹೊರಳಿದ ಊರು. ಗಾಯಕ ಅಬ್ದುಲ್ ಕರೀಂ ಖಾನರು ನೆಲೆ ನಿಂತ ಊರು. 2024ರಲ್ಲಿ ಅಲ್ಲಿನ ಸಿತಾರಕ್ಕೂ ತಂಬೂರಿಗೂ ಜಿಐ ಮಾನ್ಯತೆ ಸಿಕ್ಕಿತು. ಒಂದು ಅಂಗಡಿಯಲ್ಲಿ ಹಿರಿಯ ಕುಶಲಿಗರೊಬ್ಬರು ತಂಬೂರಿಯ ಕುದುರೆಗೆ ಜವಾರಿ ತೆಗೆಯುತ್ತಿದ್ದರು. ನಮ್ಮ ಕಡೆ ಜವಾರಿ ಅಂದರೆ ಜವಾರಿ ಕೋಳಿ, ಜವಾರಿ ಬೀಜ, ನಾಟಿಯದು ಎಂದರ್ಥ. ಅವರಿಗೆ ಜವಾರಿ ಅಂದರೆ ತಂತಿ ಕುದುರೆಯ ಬೆನ್ನಿಗೆ ಸವರಿ ಎಬ್ಬಿಸುವ ಝೇಂಕಾರ. ಒಮ್ಮೆ ಅರ ಹಿಡಿದು ಉಜ್ಜುವರು, ತಂತಿ ಏರಿಸಿ ಮೀಟುವರು, ತಲೆಯಾಡಿಸಿ ಇಳಿಸುವರು, ಮತ್ತೆ ಉಜ್ಜುವರು. ಕಡೆಗೆ ತಂತಿಯ ಕೆಳಗೆ ಒಂದೆಳೆ ನೂಲು ತೂರಿಸಿ ಕೂದಲಗಲ ಅತ್ತಿತ್ತ ಸರಿಸಿದರು. ಒಂದು ಜಾಗದಲ್ಲಿ ಇಡೀ ತಂಬೂರಿ ಬಾಯಿ ಬಿಟ್ಟಿತು. ನೂಲು ತೆಗೆದು ಕೇಳಿಸಿದರು: ಸ್ವರ ಅದೇ, ಶ್ರುತಿ ಅದೇ, ಆದರೆ ದನಿ ಹಲಗೆ ಬಡಿದ ಹಾಗೆ. ಖುಲ್ಲಾ ಜವಾರಿ, ಬಂದ್ ಜವಾರಿ ಎಂದು ಅವರ ಮಾತು. ನಾನು ಮನೆಯಲ್ಲಿ ಮಾಡಿಟ್ಟದ್ದು ಬಂದ್ ಜವಾರಿಯ ಗೇಮ್‌ಬಾಯ್.

ಅಂದು ಸಂಜೆ ಕೆಪ್ಯಾಸಿಟರ್ ಕಿತ್ತೆ. ಅಂದಿನಿಂದ ನನ್ನ ಪರೀಕ್ಷೆ ಒಂದೇ: ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಕಿವಿಗೊಡುತ್ತೇನೆ. ಸ್ವರ ನಿಂತ ಮೇಲೂ ಉಳಿಯುವ ಮೊರೆತ ಯಂತ್ರದ ಬೇನೆ. ಪವರ್ ಬೋರ್ಡಿನ ಒಣಗಿದ ಕೆಪ್ಯಾಸಿಟರಿನದೋ ಸಡಿಲ ಗ್ರೌಂಡಿನದೋ ಇರುತ್ತದೆ, ಅದನ್ನು ಹುಡುಕಿ ತೆಗೆಯಬೇಕು. ಸ್ವರದ ಜೊತೆ ಹುಟ್ಟಿ ಸ್ವರದ ಜೊತೆಗೇ ಅಡಗುವ ಗರಗರಕ್ಕೆ ಕೈ ಹಚ್ಚಬಾರದು. ಮೂರನೆಯ ಕಂಠದ ಹದಿನಾರೇ ಮೆಟ್ಟಿಲಿನ ಒರಟು ಆ ಜಾತಿಯದು. ಅದು ಮಸೆದು ನುಣುಪಾದರೆ ಅಗ್ಗದ ಕೀಬೋರ್ಡಿಗೂ ಇದಕ್ಕೂ ಏನು ಅಂತರ? ಮುಂದೆ ಬಂದ ‘ಅಡ್ವಾನ್ಸ್’ ಮಾದರಿಯನ್ನು ನಾನು ಸಂಗೀತಕ್ಕೆ ಒಲ್ಲೆ ಅನ್ನುವುದು ಇದಕ್ಕೇ. ಅದರ ಉಸಿರು ಸ್ವರದ್ದಲ್ಲ.

ಮಾಸ್ತರರ ಮಾತಿಗೆ ಬರುತ್ತೇನೆ. ಅವರು ಯಂತ್ರವನ್ನು ಹಳಿಯಲಿಲ್ಲ. ಹಳಿಯುವುದು ಎಂದರೇನು ಎಂದು ಪೇಟಿಯವರಿಗೆ ಗೊತ್ತು. ಸ್ವರ ಅಚ್ಚಿನಲ್ಲಿ ಹೊಯ್ದದ್ದು, ಸ್ವರ ಜಾರಿಸುವ ಮೀಂಡ್ ಬರುವುದಿಲ್ಲ ಎಂದು 1940ರ ಮಾರ್ಚಿನಿಂದ 1971ರವರೆಗೆ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತ್ತು. ಅದೂ ಪರದೇಶದ ಯಂತ್ರವೇ. ನಮ್ಮವರು ಕಾಲಿನ ತಿದಿಯನ್ನು ಕೈಗೆ ತಂದು, ನೆಲಕ್ಕೆ ಇಳಿಸಿ, ಬಿಚ್ಚಿ, ಕಟ್ಟಿ ತಮ್ಮದಾಗಿಸಿಕೊಂಡರು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರ ಪೇಟಿ ಕೇಳಿದವರಿಗೆ ಆ ಬಹಿಷ್ಕಾರ ಎಂಥ ನಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾಸ್ತರರು ಕೇಳಿದ್ದು ಎರಡೇ. ಒಂದು: “ಇದನ್ನ ಕಾಳಿ ಒಂದಕ್ಕ ತರಾಕ ಬರತೈತೇನು?”

ಬರುತ್ತದೆ. ಯಂತ್ರದ ಎದೆಬಡಿತ ಸೆಕೆಂಡಿಗೆ ಸುಮಾರು 41 ಲಕ್ಷ 94 ಸಾವಿರ ಸಲ ಮಿಡಿಯುವ ಸ್ಫಟಿಕದಿಂದ ಬರುತ್ತದೆ. ಅದನ್ನು ತೆಗೆದು ‘ಎಲ್‌ಟಿಸಿ 1799’ ಎಂಬ ಅಕ್ಕಿಕಾಳಿನಷ್ಟು ಐಸಿ ಹಾಕಿ, ತಿರುಗಿಸುವ ಒಂದು ಗುಬ್ಬಿ ಕೂರಿಸಿದರೆ ಬಡಿತ ನಮ್ಮ ಕೈಗೆ ಬರುತ್ತದೆ. ನೂರಕ್ಕೆ ಆರರಷ್ಟು ಏರಿಸಿದರೆ ಪೇಟಿಯ ಬಿಳಿ ಒಂದು, ಪಕ್ಕದ ಕಪ್ಪು ಮನೆಯ ಕಾಳಿ ಒಂದಾಗುತ್ತದೆ. ಲಯವೂ ಅದರೊಟ್ಟಿಗೆ ಓಡುತ್ತದೆ, ನಿಮಿಷಕ್ಕೆ 120 ಇದ್ದದ್ದು 127. ಅದನ್ನು ಹಾಡಿನೊಳಗೆ ಇಳಿಸಿಕೊಳ್ಳಬೇಕು. ಈ ವಾರ ಕೂತು ಅದನ್ನೇ ಮಾಡಿದೆ.

ಎರಡು: “ಆ ಮ್ಯಾಲಿನ ಸಾ?”

ಅದು ಚಿಪ್ಪಿನೊಳಗೆ 256 ಬೈಟುಗಳಲ್ಲಿ ಸುಟ್ಟು ಕೂತಿದೆ ಮಾಸ್ತರ, ಬಡಿತ ಏರಿಸಿದರೆ ಎರಡೂ ಸಾ ಕೂಡಿಯೇ ಏರುತ್ತವೆ, ನಡುವಿನ ಕೊರತೆ ಹಾಗೇ ಉಳಿಯುತ್ತದೆ, ನಾವು ಬರೆಯುವ ಹಾಡಿನಲ್ಲೂ ಮೇಲೆ ಮೇಲೆ ಹೋದಷ್ಟು ಸ್ವರಗಳ ನಡುವಿನ ಮೆಟ್ಟಿಲು ದಪ್ಪವಾಗುತ್ತದೆ ಎಂದು ವಿವರಿಸಿದೆ. 440ರ ಹತ್ತಿರ ಮೆಟ್ಟಿಲು ಕಿವಿಗೆ ಸುಲಭಕ್ಕೆ ಸಿಗದಷ್ಟು ಸಣ್ಣದು. ಅಲ್ಲಿಂದ ಎರಡು ಸಪ್ತಕ ಮೇಲೆ ಹೋದರೆ ಒಂದೊಂದು ಮೆಟ್ಟಿಲೂ ಅರ್ಧಸ್ವರದ ಕಾಲುಭಾಗದಷ್ಟು.

“ಅಲ್ಲಿ ನಿಂದರಬ್ಯಾಡ ಹಂಗಾರ. ಮುಟ್ಟಿ ಇಳಿ,” ಅಂದು ಅಡಕೆ ಬಾಯಿಗೆ ಹಾಕಿಕೊಂಡರು.

ಗುಬ್ಬಿ ಕೂರಿಸಿದ ಮೇಲೆ ನಿನ್ನೆ ನನ್ನ ಒಂದು ಭಜನೆಯನ್ನು ಮತ್ತೆ ಬರೆದೆ. ಪಲ್ಲವಿಯನ್ನು ಒಂದು ಸಪ್ತಕ ಕೆಳಗಿಳಿಸಿ ಸನಾದಿಯ ಬಣ್ಣಕ್ಕೆ ಕೊಟ್ಟೆ. ತಾರಷಡ್ಜಕ್ಕೆ ನಾಲ್ಕು ಹೆಜ್ಜೆ ಇದ್ದದ್ದನ್ನು ಒಂದು ಮಾಡಿ, ಉಳಿದ ಮೂರರಲ್ಲಿ ನಿಷಾದಕ್ಕೆ ಜಾರಿಸಿದೆ. ಭಾನುವಾರ ಅಥಣಿಗೆ ಒಯ್ಯುತ್ತೇನೆ.