ಬಿಸಿಲೇರುವ ಮುನ್ನ ಮನೆಗೆ

ಕರ್ನಾಟಕದಲ್ಲಿ ಕೊರೊನಾ ಕಾಣಿಸಿಕೊಂಡದ್ದು 2020ರ ಮಾರ್ಚ್‌ನಲ್ಲಿ. ರಾಜ್ಯ ಸರ್ಕಾರ ಮೊದಲ ಸುತ್ತಿನಲ್ಲಿ ಮುಚ್ಚಿಸಿದವುಗಳ ಪಟ್ಟಿಯಲ್ಲಿ ಮಾಲ್, ಸಿನಿಮಾ ಮಂದಿರಗಳ ಜೊತೆಗೆ ಮಕ್ಕಳ ಬೇಸಿಗೆ ಶಿಬಿರಗಳೂ ಇದ್ದವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಪರೀಕ್ಷೆ ಬರೆಯದೆಯೇ ಎಷ್ಟೋ ಮಕ್ಕಳು ಮುಂದಿನ ತರಗತಿಗೆ ಹೋದರು. ಅಷ್ಟು ಉದ್ದದ ರಜೆ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ, ಆದರೆ ಹೋಗಲು ಜಾಗವೇ ಇರಲಿಲ್ಲ. ನಮ್ಮ ಮಕ್ಕಳ ಬೇಸಿಗೆ ಎಂದರೆ ಮೊದಲಿಗೆ ಅಜ್ಜಿ ಮನೆ. ಕೆಎಸ್‌ಆರ್‌ಟಿಸಿ ಬಸ್ಸು ನಿಂತಿತ್ತು, ರೈಲು ನಿಂತಿತ್ತು, ಹಲವು ಹಳ್ಳಿಗಳವರು ಊರ ದಾರಿಗೆ ಮುಳ್ಳು, ಕಲ್ಲು ಅಡ್ಡ ಹಾಕಿದ್ದರು. ಲಾಕ್‌ಡೌನ್ ಸಡಿಲವಾದ ಮೇಲೂ 65 ದಾಟಿದವರು ಮತ್ತು 10ರೊಳಗಿನ ಮಕ್ಕಳು ಮನೆಯಲ್ಲೇ ಇರುವುದು ಒಳ್ಳೆಯದೆಂದು ಕೇಂದ್ರದ ಮಾರ್ಗಸೂಚಿ ಹೇಳಿತು. ಅಜ್ಜಿ ಒಂದು ಮನೆಯಲ್ಲಿ, ಮೊಮ್ಮಗು ಇನ್ನೊಂದು ಮನೆಯಲ್ಲಿ, ನಡುವೆ ಮೊಬೈಲ್ ಪರದೆ.

ಮೇ 19ರಂದು ರಾಜ್ಯದಲ್ಲಿ ಉದ್ಯಾನಗಳು ತೆರೆದವು. ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7. ಚಿಕ್ಕವರಿಗೆ ಕಾಂಪೌಂಡು, ತಾರಸಿಯೇ ಗತಿಯಾಯಿತು. ಹತ್ತು ದಾಟಿದವರಿಗೆ ಉದ್ಯಾನದ ಆ ನಾಲ್ಕು ಗಂಟೆಗಳೇ ಆ ವರ್ಷದ ಬೇಸಿಗೆ ಪ್ರವಾಸ. ಮೇ ಎಂದರೆ ಗುಲ್‌ಮೊಹರ್ ಮರಗಳು ಕೆಂಪಗೆ ತುಂಬಿಕೊಳ್ಳುವ ಕಾಲ. ಮೊಗ್ಗು ಬಿಡಿಸಿ ಕೇಸರ ತೆಗೆದು, ತಲೆಗೆ ತಲೆ ಸಿಕ್ಕಿಸಿ ಎಳೆದು, ಯಾರದು ಮೊದಲು ಉದುರುತ್ತದೆಂದು ನೋಡುವ ಕೋಳಿ ಜಗಳ ಹಲವು ಮನೆಗಳಲ್ಲಿ ಆಗ ಮತ್ತೆ ಶುರುವಾಯಿತು. ಒಣಗಿದ ಕತ್ತಿಕಾಯಿ ಹಿಡಿದು ಯುದ್ಧವೂ ನಡೆಯಿತು. ಕಲಿಸಿದವರು ಅಪ್ಪ ಅಮ್ಮಂದಿರು. ಅವರಿಗೂ ಆ ದಿನಗಳಲ್ಲಿ ಮಕ್ಕಳ ಜೊತೆ ಮರದ ಕೆಳಗೆ ನಿಲ್ಲಲು ಪುರಸೊತ್ತಿತ್ತು.

2021ರ ಬೇಸಿಗೆ ಇದಕ್ಕಿಂತ ಘೋರ. ಏಪ್ರಿಲ್ 27ರ ರಾತ್ರಿಯಿಂದ ಜೂನ್ ನಡುವಿನವರೆಗೆ ರಾಜ್ಯ ಮತ್ತೆ ಮುಚ್ಚಿತ್ತು. ಜನ ಆಮ್ಲಜನಕಕ್ಕೆ, ಆಸ್ಪತ್ರೆಯ ಹಾಸಿಗೆಗೆ ಅಲೆಯುತ್ತಿದ್ದ ಆ ವಾರಗಳಲ್ಲಿ ತಿರುಗಾಟದ ಮಾತು ಎತ್ತಿದವರಿಲ್ಲ. ಹಾಗಾಗಿ ಕೊರೊನಾ ಕಾಲದ ಕುಟುಂಬ ಪ್ರವಾಸ ಎಂದರೆ ಈ ಎರಡು ಬೇಸಿಗೆಗಳ ನಡುವಿನ, ಮತ್ತು ಎರಡನೆಯದರ ನಂತರದ ಬಿಡುವಿನಲ್ಲಿ ಕದ್ದ ಅರ್ಧರ್ಧ ದಿನಗಳೇ. ಆ ಅರ್ಧ ದಿನದ ತಿರುಗಾಟ ಮಕ್ಕಳಿಗೆ ಕಟ್ಟಿಕೊಟ್ಟಷ್ಟು ಸಂತೋಷವನ್ನು ಮೂರು ದಿನದ ರೆಸಾರ್ಟ್ ಪ್ಯಾಕೇಜು ಕೊಡಲಾರದು ಎಂಬುದು ಈ ಅಂಕಣದ ದೃಢವಾದ ನಂಬಿಕೆ.

ಆಗ ದೂರ ಹೋಗದಿರಲು ಕಾರಣಗಳು ಸ್ಪಷ್ಟವಾಗಿದ್ದವು. ಮುಚ್ಚಿದ, ಗಾಳಿಯಾಡದ ಜಾಗದಲ್ಲಿ ಸುಲಭವಾಗಿ ಹರಡುವ ವೈರಸ್ಸು ಬಯಲಿನಲ್ಲಿ ಅಷ್ಟಾಗಿ ಹರಡುವುದಿಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಹೋಟೆಲಿನ ಊಟ ಬೇಡ, ರಾತ್ರಿ ತಂಗುವುದು ಬೇಡ, ಗೊತ್ತಿಲ್ಲದ ಕಡೆ ಶೌಚಾಲಯ ಬಳಸುವುದು ಬೇಡ. ಐದು ವರ್ಷದೊಳಗಿನ ಮಗುವಿಗೆ ಮಾಸ್ಕು ಹಾಕುವಂತಿಲ್ಲ, ಜನಜಂಗುಳಿಗೆ ಒಯ್ಯುವಂತೆಯೂ ಇಲ್ಲ. ಇಷ್ಟೆಲ್ಲ ಬೇಡಗಳನ್ನು ಕಳೆದರೆ ಉಳಿಯುವುದು ಬೆಳಗಿನ ಜಾವ ಹೊರಟು ಹತ್ತೂವರೆಗೆ ಮನೆ ಸೇರುವಷ್ಟು ದೂರದ, ಬಯಲಿನ, ಜನ ಕಡಿಮೆ ಇರುವ ಜಾಗ.

ಜನ ಕಡಿಮೆ ಎನ್ನುವುದೇ ಕಷ್ಟದ ಭಾಗವಾಗಿತ್ತು. ಬಾಗಿಲು ತೆರೆದದ್ದೇ ತಡ, ಬೆಂಗಳೂರಿಗೆ ಬೆಂಗಳೂರೇ ನಂದಿಬೆಟ್ಟದ ದಾರಿ ಹಿಡಿಯಿತು. 2021ರ ಜುಲೈನಲ್ಲಿ ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದಲ್ಲಿ ಬೆಟ್ಟಕ್ಕೆ ಪ್ರವೇಶವನ್ನೇ ನಿಷೇಧಿಸಬೇಕಾಯಿತು. ಆಗಸ್ಟ್ ಕೊನೆಯಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಯಿತು. ಬೆಟ್ಟ ಮತ್ತೆ ತೆರೆದದ್ದು ಡಿಸೆಂಬರ್‌ನಲ್ಲಿ. ಅದೇ ದೇವನಹಳ್ಳಿ ರಸ್ತೆಯಲ್ಲಿ ಬಂದು ಬೆಟ್ಟದ ಕಡೆ ಹೋಗದೆ ಸೂಲಿಬೆಲೆ ಕಡೆ ತಿರುಗಿಕೊಂಡವರಿಗೆ ಸಿಕ್ಕಿದ್ದು ನಲ್ಲೂರು.

ನಲ್ಲೂರಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಐವತ್ತು ಎಕರೆಗೂ ಮಿಕ್ಕಿದ ತೋಪು. ಹಳೆಯ ಮರಗಳಿಗೆ 400 ವರ್ಷವಾಗಿರಬಹುದೆಂದು ಅಂದಾಜು. ಊರವರ ಕಥೆ ಇನ್ನೂ ಹಿಂದಕ್ಕೆ, ಚೋಳರ ಕಾಲಕ್ಕೆ ಹೋಗುತ್ತದೆ. ತಿರುಚಿಕೊಂಡು ಬೆಳೆದ ದಪ್ಪ ಕಾಂಡಗಳು ಒಳಗೆ ಟೊಳ್ಳಾಗಿವೆ, ಹೊರಗಿನ ತೊಗಟೆಯ ಬಲದಲ್ಲೇ ಮೇಲೆ ಹಸಿರು ಹೊತ್ತು ನಿಂತಿವೆ. ಟೊಳ್ಳು ಮರ ಹೇಗೆ ಬದುಕುತ್ತದೆ ಎಂದು ಮಗು ಕೇಳದೆ ಇರುವುದಿಲ್ಲ. ನೀರು ಮೇಲೇರುವ ನಾಳಗಳು ತೊಗಟೆಗೆ ಹತ್ತಿರದ ಹೊಸ ಮರದಲ್ಲಿರುತ್ತವೆ, ನಡುವಿನ ತಿರುಳು ಸತ್ತ ಭಾಗ, ಅದು ಕೊಳೆತುಹೋದರೂ ಮರ ಸಾಯುವುದಿಲ್ಲ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನ ಸುತ್ತ ಇಲ್ಲ. ಹುಣಸೆ ಆಫ್ರಿಕಾ ಮೂಲದ್ದೆಂದು ಹೇಳಿದರೆ ಸಾರು ಉಣ್ಣುವ ಮಕ್ಕಳು ನಂಬುವುದೇ ಕಷ್ಟ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣಿನ ಕಾಲ. ನೆರಳು ಬೇಕಾದಷ್ಟಿದೆ. ಟಿಕೆಟ್ ಸಾಲಿಲ್ಲ, ಅಂಗಡಿ ಮುಂಗಟ್ಟಿಲ್ಲ. ಮೇಲೆ ಆಗಾಗ ವಿಮಾನ ಹಾರುತ್ತದೆ, ಅದೂ ಮಕ್ಕಳಿಗೆ ಹಬ್ಬವೇ. ನೋಡಬೇಕಾದದ್ದು ಒಂದೇ, ಹುಣಸೆ ಮರ. ಒಂದು ಬೆಳಗಿಗೆ ಮಗುವಿಗೆ ಬೇಕಾದದ್ದೂ ಅಷ್ಟೇ. ಐದು ತಾಣ ಸುತ್ತಿಸಿ ಕಾರಿನಲ್ಲಿ ನಿದ್ದೆಗೆಡಿಸಿ ತಂದ ಮಗುವನ್ನು ಮರುದಿನ ಕೇಳಿದರೆ, ತಿಂದ ಐಸ್‌ಕ್ರೀಮ್ ಬಿಟ್ಟು ಬೇರೇನೂ ಹೇಳದು.

ಲಾಲ್‌ಬಾಗಿನ ಬಂಡೆಯನ್ನೂ ಹೀಗೇ ನೋಡಬೇಕು. ಗಾಜಿನ ಮನೆ ಇನ್ನೊಂದು ದಿನಕ್ಕಿರಲಿ. ಕೆಂಪೇಗೌಡ ಗೋಪುರ ಹೊತ್ತ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಡೈನೋಸಾರ್ ಹುಚ್ಚಿನ ಏಳು ವರ್ಷದ ಹುಡುಗನಿಗೆ, ಡೈನೋಸಾರ್‌ಗಳು ಬರುವ ಎಷ್ಟೋ ಮೊದಲೇ ಈ ಕಲ್ಲಿತ್ತು ಎಂದು ಹೇಳಿ ಅದರ ಮೇಲೆ ಅಂಗೈ ಇಡಿಸಿದರೆ ಸಾಕು. ಕಪ್ಪು ಬಿಳುಪು ಪಟ್ಟೆಗಳನ್ನು ಅವನೇ ಹುಡುಕಿಕೊಳ್ಳುತ್ತಾನೆ. ಬಿಸಿಲೇರುವ ಮೊದಲೇ ಹೋಗಬೇಕು, ಒಂಬತ್ತಾದ ಮೇಲೆ ಬಂಡೆ ಕಾಯುತ್ತದೆ. ಓದು ಬಲ್ಲ ಮಕ್ಕಳಿದ್ದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು 890ರ ಗಂಗರ ಕಾಲದ ಶಾಸನವಿದೆ. ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಬೆಂಗಳೂರು ಕಾಳಗದಲ್ಲಿ ಮಡಿದನೆಂದು ಅದು ಹೇಳುತ್ತದೆ. ತಮ್ಮ ಊರಿನ ಹೆಸರು ಕೆಂಪೇಗೌಡನಿಗಿಂತ ಆರು ಶತಮಾನ ಮೊದಲೇ ಕಲ್ಲಿನಲ್ಲಿ ಕೊರೆದದ್ದಿದೆ ಎಂದು ತಿಳಿದ ಮಕ್ಕಳು ಅಕ್ಷರಗಳನ್ನು ಹುಡುಕಲು ಮಂಡಿಯೂರಿ ಕೂರುತ್ತಾರೆ. ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ ಪ್ರಸಿದ್ಧ, ಚೆಂದವೂ ಹೌದು, ಆದರೆ ಭಾನುವಾರ ಅಲ್ಲಿ ಮರಕ್ಕಿಂತ ಜನವೇ ಹೆಚ್ಚು. ವಾರದ ನಡುವೆ ಹೋಗಬಲ್ಲವರು ಹೋಗಲಿ.

ಕೊರೊನಾ ಮರಳಿ ತಂದ ಇನ್ನೊಂದು ಸಂಗತಿ ಬುತ್ತಿ. ಕಾರ್ತಿಕದ ವನಭೋಜನ, ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ಚರಗ, ಹೊಲದ ಬದುವಿನಲ್ಲಿ ಕೂತು ಉಣ್ಣುವುದು, ಇವೆಲ್ಲ ನಮಗೆ ಹೊಸದಲ್ಲ. ಹೆದ್ದಾರಿ ಹೋಟೆಲುಗಳು ಬಂದ ಮೇಲೆ ಪೇಟೆಯ ಮನೆಗಳಲ್ಲಿ ಅದು ತಪ್ಪಿಹೋಗಿತ್ತು. ಹೊರಗಿನ ಊಟಕ್ಕೆ ಹೆದರಿದ ಮನೆಗಳು ಸ್ಟೀಲ್ ಡಬ್ಬಿ ತೊಳೆದಿಟ್ಟವು. ಪುಳಿಯೋಗರೆ ಈ ಕೆಲಸಕ್ಕೆ ಅತ್ಯುತ್ತಮ, ಬಿಸಿಲಿಗೂ ಬೇಗ ಕೆಡುವುದಿಲ್ಲ. ಚಪಾತಿ ಜೊತೆ ಒಣ ಪಲ್ಯವೂ ಆದೀತು. ಮೊಸರನ್ನ ಬೇಕೆಂದರೆ ಹಾಲು ಹೆಚ್ಚು, ಮೊಸರು ಒಂದು ಚಮಚ ಹಾಕಿ ಕಲಸಿದರೆ ತಿನ್ನುವ ಹೊತ್ತಿಗೆ ಹದವಾಗಿರುತ್ತದೆ. ಬೆಟ್ಟಗಳಲ್ಲಿ, ಕೋತಿ ಇರುವ ಕಡೆ ಡಬ್ಬಿ ಬಿಚ್ಚಬಾರದು. ಕೆರೆ, ಕಲ್ಲುಕ್ವಾರಿಗಳ ನೀರಿನ ಅಂಚಿಗೆ ಮಕ್ಕಳನ್ನು ಬಿಡಲೇಬಾರದು. ಪ್ರತಿ ಬೇಸಿಗೆಯಲ್ಲೂ ಈ ನೀರಿಗೆ ಮಕ್ಕಳು ಬಲಿಯಾಗುವ ಸುದ್ದಿ ಬರುತ್ತದೆ.

ಇದು ಬೆಂಗಳೂರಿನವರ ಸೌಭಾಗ್ಯ ಮಾತ್ರವಲ್ಲ. ಮೈಸೂರಿನವರಿಗೆ ಲಿಂಗಾಂಬುಧಿ ಕೆರೆಯಿದೆ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ, ಧಾರವಾಡದವರಿಗೆ ಬೇಂದ್ರೆ ಬದುಕಿದ ಸಾಧನಕೇರಿ. ಕಲಬುರಗಿಯ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಮುಗಿಸಬೇಕು, ಅಷ್ಟೇ ವ್ಯತ್ಯಾಸ. ಕಾರಿಲ್ಲದ ಮನೆಗಳ ಮಾತು ಬೇರೆ. ಅವರ ಮಕ್ಕಳಿಗೆ ಬಯಲು ಸಿಕ್ಕಿದ್ದು ಬೇರೆ ದಾರಿಯಲ್ಲಿ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಗುಡಿಯ ಜಗಲಿ, ಅರಳಿಕಟ್ಟೆ, ಮರದ ನೆರಳಿಗೇ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಅಷ್ಟು ತಿಂಗಳು ಗೋಡೆಗಳ ನಡುವೆ ಕಳೆದ ಮಕ್ಕಳಿಗೆ ನಗರ ಕೊಡಬೇಕಾದದ್ದು ನಡೆದು ತಲುಪುವ ದೂರದಲ್ಲಿ ಇಡೀ ದಿನ ತೆರೆದಿರುವ ಉದ್ಯಾನ. ಅದನ್ನು ಕೇಳುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಬೇಸಿಗೆಯಲ್ಲೇ ನೋಡಬೇಕಾದ, ಬೇಸಿಗೆ ಮುಗಿದರೆ ತಪ್ಪಿಹೋಗುವ ಜಾಗವೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್, ಅರ್ಧ ದಿನದ ಎಲ್ಲೆಯ ತುತ್ತತುದಿ. ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ಮೈಸೂರು ರಸ್ತೆಯಲ್ಲಿ ಹೋಗಿ, ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದಲ್ಲಿ ಒಳಗೆ ತಿರುಗಬೇಕು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆ, ಮನೆಗಳ ನೆತ್ತಿಯಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನ ಹೆಜ್ಜಾರ್ಲೆ ಬಳಗದ ಯುವಕರು ಮಾಡಿಕೊಂಡು ಬಂದಿದ್ದಾರೆ.

ಈ ಊರಿನ ಹೆಜ್ಜಾರ್ಲೆಗಳನ್ನು 1976ರಲ್ಲಿ ಹೊರಲೋಕದ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1980ರ ದಶಕದಲ್ಲಿ ಬೆಂಗಳೂರಿನ ಬೀದಿ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದವರೂ ಅವರೇ. ಲಾಕ್‌ಡೌನಿನಲ್ಲಿ ಬಾಲ್ಕನಿಯಿಂದ ಮರ ನೋಡಿಕೊಂಡು ದಿನ ನೂಕಿದ ಎಷ್ಟೋ ಮಕ್ಕಳು ಅವರ ಹೆಸರು ತಿಳಿಯದೆ ಅವರಿಗೆ ಋಣಿಗಳು. 92 ತುಂಬಿದ್ದ ನೇಗಿನಹಾಳರು ಎರಡನೇ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಮಕ್ಕಳಿಗೆ ಹಕ್ಕಿಯ ಹೆಸರಿನ ಜೊತೆ ಈ ಹೆಸರನ್ನೂ ಹೇಳಬೇಕು.

ಹೋಗುವುದಾದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವುದರೊಳಗೆ. ಮರಿಗಳು ದೊಡ್ಡವಾಗಿರುತ್ತವೆ, ತಾಯಿಹಕ್ಕಿಯ ಕೊಕ್ಕಿನ ಚೀಲದೊಳಕ್ಕೇ ತಲೆ ತೂರಿಸಿ ಮೀನು ಕಿತ್ತುಕೊಳ್ಳುವುದು ಬರಿಗಣ್ಣಿಗೇ ಕಾಣುತ್ತದೆ. ಮರದ ನೇರ ಕೆಳಗೆ ನಿಲ್ಲಬಾರದು, ಟೋಪಿ ಹಾಕಿಸಬೇಕು, ಕೂಗು ಕೇಕೆ ಬೇಡ. ಊರು ಅಂದಮೇಲೆ ಅದು ಜನ ಬಾಳುವ ಜಾಗ, ಅವರ ಅಂಗಳಕ್ಕೆ ಕಾಲಿಡುವ ಮುಂಚೆ ಒಂದು ಮಾತು ಕೇಳಬೇಕು. ಕೇಳಿದರೆ ಹೆಚ್ಚಿನವರು ಜಗಲಿಯಲ್ಲಿ ಕೂರಿಸಿ ಈ ವರ್ಷ ಯಾವ ಮರಕ್ಕೆ ಎಷ್ಟು ಹಕ್ಕಿ ಬಂದಿದೆ ಎಂದು ತಾವೇ ತೋರಿಸುತ್ತಾರೆ.